ಒಂದು ಎತ್ತಿನ ಹೇರಿಗೆ ಆಗುವಷ್ಟು: 1800ರ ಬಿಡಾರಕ್ಕೆ ಪಾತ್ರೆ ಹುಡುಕಿದ ಕಥೆ

ರಾಗಿ ಒಕ್ಕಣೆ ಮುಗಿದು ಹದಿನೈದು ದಿನ ಆಯ್ತು. ಹುರುಳಿ ಬಡಿದು, ತೂರಿ, ಒಳಗಿಟ್ಟಾಯ್ತು. ಕಬ್ಬಿಗೆ ಕಟಾವಿನ ಸರದಿ ಇನ್ನೂ ಬಂದಿಲ್ಲ. ಹೀಗೆ ಕೈ ಬಿಡುವಾದಾಗ ಬರೆಯೋಣ ಅಂತ ಇಟ್ಟುಕೊಂಡಿದ್ದ ವಿಷಯ ಇದು. ಈ ಸಲದ ಟಿಪ್ಪಣಿ ಬೆಳೆ ಬಗ್ಗೆ ಅಲ್ಲ, ಪಾತ್ರೆ ಬಗ್ಗೆ. ಸ್ವಲ್ಪ ಉದ್ದ ಇದೆ. ರಾತ್ರಿ ನೀರು ಕಟ್ಟೋಕೆ ಹೋದಾಗ ಮೋಟರ್ ಮನೆ ಹತ್ರ ಕೂತ್ಕೊಂಡು ಓದಿ.

ಕಳೆದ ತಿಂಗಳು ನಾವು ಆರು ಜನ ಒಂದು ಎತ್ತು ಹೊಡ್ಕೊಂಡು ಪಾಂಡವಪುರದ ಕಡೆಯಿಂದ ಮೇಲುಕೋಟೆ ಬೆಟ್ಟದ ಬುಡದವರೆಗೆ ನಡೆದು ಹೋಗಿ, ಎರಡು ರಾತ್ರಿ ಬಯಲಲ್ಲಿ ಬಿಡಾರ ಮಾಡಿ ಬಂದಿದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ದಾರೀಲಿ ಸಿಕ್ಕವರು "ಯಾವ ಸಿನಿಮಾ ಶೂಟಿಂಗ್ ಅಣ್ಣ?" ಅಂತ ಕೇಳಿದ್ರು. ಸಿನಿಮಾ ಏನೂ ಅಲ್ಲ. 1800ನೇ ಇಸವಿಯಲ್ಲಿ ನಮ್ಮ ಸೀಮೆಯ ಒಬ್ಬ ಸಾಧಾರಣ ರೈತ ಮನೆ ಬಿಟ್ಟು ದಾರಿ ಹೊರಟರೆ ಏನೇನು ಹೊತ್ತುಕೊಂಡು ಹೋಗ್ತಿದ್ದ, ಯಾವುದರಲ್ಲಿ ಬೇಯಿಸ್ತಿದ್ದ, ಯಾವುದರಲ್ಲಿ ಉಣ್ತಿದ್ದ ಅನ್ನೋದನ್ನ ಮಾಡಿಯೇ ನೋಡಬೇಕು ಅನ್ನಿಸಿತ್ತು. ಹೊರದೇಶಗಳಲ್ಲಿ ಹಳೇ ಕಾಲದ ಉಡುಪು ತೊಟ್ಟು, ಆ ಕಾಲದ ಪಾತ್ರೆಯಲ್ಲೇ ಅಡುಗೆ ಮಾಡ್ಕೊಂಡು ಹೀಗೆ ಬಿಡಾರ ಹೂಡೋದು ದೊಡ್ಡ ಹವ್ಯಾಸ. ನಮಗೆ ಆ ಹುಚ್ಚು ಹಿಡಿದಿದ್ದು ಒಂದು ಎಡವಟ್ಟಿನಿಂದ. ಅದನ್ನೇ ಮೊದಲು ಹೇಳ್ತೀನಿ.

ಎರಡು ವರ್ಷದ ಹಿಂದೆ ಊರ ಹಬ್ಬದಲ್ಲಿ ಹುಡುಗರು 'ಹಳೇ ಕಾಲದ ಬಿಡಾರ' ಅಂತ ಮಾಡೋಣ ಅಂದ್ರು. ನಾನೇ ಮುಂದೆ ನಿಂತೆ. ಹಳೇ ಸಾಮಾನು ಮಾರೋ ಒಂದು ಅಂಗಡಿಯಿಂದ ಫಳಫಳ ಅನ್ನೋ ಹಿತ್ತಾಳೆ ತಪ್ಪಲೆ, ತಾಮ್ರದ ಹಂಡೆ, ಕಂಚಿನ ಗಂಗಳ ಎಲ್ಲಾ ಬಾಡಿಗೆಗೆ ತಂದ್ವಿ. ನೋಡೋಕೆ ಚೆನ್ನಾಗಿತ್ತು, ಫೋಟೋ ಚೆನ್ನಾಗಿ ಬಂತು. ಹುಣಸೆ ಹುಳಿ ಹಿಂಡಿದ ಸಾರನ್ನ ಅದೇ ಹಿತ್ತಾಳೆ ತಪ್ಪಲೇಲಿ ಮಾಡಿ, ಉಳಿದಿದ್ದನ್ನ ರಾತ್ರಿಯೆಲ್ಲಾ ಅದರಲ್ಲೇ ಬಿಟ್ಟು, ಬೆಳಿಗ್ಗೆ ಕಾಯಿಸಿ ಉಂಡ್ವಿ. ಹತ್ತು ಗಂಟೆ ಹೊತ್ತಿಗೆ ನಾಲ್ಕು ಜನ ವಾಂತಿ ಮಾಡ್ಕೊಂಡು ಮಲಗಿದ್ರು. ಅದರಲ್ಲಿ ಒಬ್ಬ ನನ್ನ ತಮ್ಮನ ಮಗ, ಹನ್ನೊಂದು ವರ್ಷದವನು. ಡಾಕ್ಟರ್ ಕೇಳಿದ ಮೊದಲನೇ ಮಾತೇ "ಯಾವ ಪಾತ್ರೇಲಿ ಮಾಡಿದ್ರಿ?" ಅಂತ. ತಪ್ಪಲೆ ಒಳಗೆ ಕಲಾಯಿ ಸವೆದು ಹೋಗಿತ್ತು. ಹಿತ್ತಾಳೆ ಅಂದ್ರೆ ತಾಮ್ರ ಮತ್ತು ಸತು. ಹುಳಿ ಸೇರಿದ್ರೆ ತಾಮ್ರ ಬಿಟ್ಟುಕೊಂಡು ಅಡುಗೆಗೆ ಇಳಿಯುತ್ತೆ. ನಮ್ಮ ಅಜ್ಜಿಯರಿಗೆಲ್ಲಾ ಗೊತ್ತಿದ್ದ ಮಾತು. ಕಲಾಯಿಯವನು ಊರಿಗೆ ಬರೋದು ನಿಂತ ಮೇಲೆ ನಾವು ಮರೆತಿದ್ದೀವಿ.

ಹುಡುಗ ಎರಡು ದಿನಕ್ಕೆ ಎದ್ದು ಓಡಾಡಿದ. ನನ್ನ ಮುಖ ಮಾತ್ರ ಇಳಿದಿತ್ತು. ಅವತ್ತು ಸಂಜೆ ನಮ್ಮ ದೊಡ್ಡವ್ವ ಜಗಲಿ ಮೇಲೆ ಕೂತು ಅಂದ ಮಾತು ಇನ್ನೂ ಕಿವೀಲಿ ಐತೆ: "ಯಾವ ಅರಮನೆ ಊಟ ಮಾಡಕ್ ಹೋಗಿದ್ರಿ ಮಗ? ನಮ್ಮಟ್ಟೀಲಿ ಅಷ್ಟೊಂದು ಹಿತ್ತಾಳೆ ಯಾವತ್ತು ಇತ್ತು? ಒಂದು ತಂಬಿಗೆ ಇತ್ತು. ಅದೂ ಬೇಯ್ಸಕ್ಕಲ್ಲ. ಮಳೆ ಕೈಕೊಟ್ಟಾಗ ಸಾವ್ಕಾರನ ತಾವ ಅಡ ಇಡಕ್ಕೆ."

ಇತಿಹಾಸ ಅಂತ ನಾನು ಓದಿದ್ದೆಲ್ಲಾ ಒಂದು ಕಡೆ, ಈ ಮಾತು ಒಂದು ಕಡೆ. ವಸ್ತುಸಂಗ್ರಹಾಲಯದಲ್ಲಿ ಇರೋದು ಉಳ್ಳವರ ಪಾತ್ರೆ, ಯಾಕಂದ್ರೆ ಲೋಹ ಉಳಿಯುತ್ತೆ. ಬಡವನ ಪಾತ್ರೆ ಒಡೆದು ಮಣ್ಣಾಯ್ತು, ಗೆದ್ದಲು ತಿಂತು, ಒಲೆಗೆ ಸೌದೆ ಆಯ್ತು. ಉಳಿದಿರೋದನ್ನ ಮಾತ್ರ ನೋಡಿ 'ಹಿಂದೆ ಎಲ್ಲರೂ ಹಿತ್ತಾಳೇಲಿ ಉಣ್ತಿದ್ರು' ಅಂತ ನಾವು ತಿಳ್ಕೊಂಡಿದ್ದೀವಿ. ಸಾಧಾರಣ ಮನೇಲಿ ಲೋಹದ ಪಾತ್ರೆ ಅಂದ್ರೆ ಒಂದು ರೀತಿ ಆಸ್ತಿ. ಕಷ್ಟ ಬಂದಾಗ ಒಡವೆ ಹೋದ ಮೇಲೆ ಹೋಗ್ತಿದ್ದುದು ಅದು. 1876ರಿಂದ 1878ರವರೆಗಿನ ಬರದಲ್ಲಿ, ನಮ್ಮ ಹಿರಿಯರು 'ಧಾತು ಈಶ್ವರ ಬರ' ಅಂತ ಕರೆದದ್ದರಲ್ಲಿ, ಮೈಸೂರು ಸಂಸ್ಥಾನದಲ್ಲಿ ಸುಮಾರು 10 ಲಕ್ಷ ಜನ ಸತ್ತರು ಅಂತ ಲೆಕ್ಕ. ಸಾಯೋಕೆ ಮೊದಲು ಜನ ದನ ಮಾರಿದ್ರು, ಒಡವೆ ಮಾರಿದ್ರು, ಪಾತ್ರೆ ಮಾರಿದ್ರು.

ಅದಕ್ಕೇ ಈ ಸಲ ಮೊದಲು ಒಂದು ಚೀಟೀಲಿ ಮೂರು ಪ್ರಶ್ನೆ ಬರೆದುಕೊಂಡ್ವಿ. ಯಾರು? ಯಾವ ಇಸವಿ? ಯಾವ ಊರು? ಈ ಮೂರಕ್ಕೂ ಉತ್ತರ ಸಿಗದೆ ಒಂದು ಸೌಟೂ ಕೊಳ್ಳಬಾರದು ಅಂತ ಕಟ್ಟು ಮಾಡ್ಕೊಂಡ್ವಿ. ರಾಜನ ಸರದಾರನಿಗೆ ಒಂದು ರೀತಿ ಸಾಮಾನು, ಕಂಪನಿ ಸಿಪಾಯಿಗೆ ಇನ್ನೊಂದು, ಲಂಬಾಣಿ ತಾಂಡದವರಿಗೆ ಮತ್ತೊಂದು. ನಮ್ಮ ಉತ್ತರ: ಎರಡೆಕರೆ ಹೊಲ ಇರೋ ಒಕ್ಕಲು, 1800, ಹಿರೋಡೆ ಸೀಮೆ. ಪಾಂಡವಪುರದ ಹಳೇ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಅವರ ಫ್ರೆಂಚ್ ಸಿಪಾಯಿಗಳು ಇಲ್ಲಿ ಪಾಳೆಯ ಹೂಡಿದ್ದಕ್ಕೆ ಇಂಗ್ಲಿಷರು 'ಫ್ರೆಂಚ್ ರಾಕ್ಸ್' ಅಂತ ಕರೆದ್ರು.

1800 ಯಾಕೆ ಅಂದ್ರೆ, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತ ಮಾರನೇ ವರ್ಷ, ಫ್ರಾನ್ಸಿಸ್ ಬುಕಾನನ್ ಅನ್ನೋ ಸ್ಕಾಟ್ಲೆಂಡಿನ ವೈದ್ಯನನ್ನ ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಸೀಮೆ ನೋಡಿ ಬರೆದುಕೊಂಡು ಬಾ ಅಂತ ಕಳಿಸಿದ. ಅವನು ಮದ್ರಾಸಿನಿಂದ ಹೊರಟು ನಮ್ಮ ಕಡೆಗೆಲ್ಲಾ ಬಂದ. ಶ್ರೀರಂಗಪಟ್ಟಣ ನೋಡಿದ, ಮೇಲುಕೋಟೆ ನೋಡಿದ. ರಾಗಿ ಹೇಗೆ ಬಿತ್ತುತಾರೆ, ನೇಗಿಲು ಹೇಗಿದೆ, ಕಬ್ಬಿಣ ಹೇಗೆ ಕರಗಿಸ್ತಾರೆ, ಎಣ್ಣೆ ಯಾವ ಬೀಜದಿಂದ ತೆಗೀತಾರೆ ಎಲ್ಲಾ ಬರೆದುಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾಯ್ತು. ಆ ಬರಹ ಅವರ ಆಡಳಿತಕ್ಕೆ ಬೇಕಾಗಿ ಆಗಿದ್ದು, ನಿಜ. ಆದರೂ ಒಕ್ಕಲಿನ ಮನೆ, ಹೊಲ ಅಷ್ಟು ಹತ್ತಿರದಿಂದ ಕಾಣೋ ಬರಹ ಆ ಕಾಲದ್ದು ನನಗೆ ಬೇರೆ ಸಿಕ್ಕಿಲ್ಲ.

ಇನ್ನೊಂದು ಕಾರಣ ಇದೆ. ಅದಕ್ಕೆ ಒಂಬತ್ತು ವರ್ಷ ಹಿಂದೆ ನಮ್ಮ ಊರುಗಳವರು ನಿಜವಾಗಿಯೂ ಬಿಡಾರದಲ್ಲಿ ಬದುಕಿದ್ದರು. 1791ರಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಹಿಡಿದು ಶ್ರೀರಂಗಪಟ್ಟಣದ ಕಡೆ ಬಂದಾಗ, ಅವನ ಸೈನ್ಯಕ್ಕೆ ಕಾಳು, ಮೇವು ಸಿಗಬಾರದು ಅಂತ ಟಿಪ್ಪು ದಾರಿ ಉದ್ದಕ್ಕೂ ಹಳ್ಳಿಗಳನ್ನ ಖಾಲಿ ಮಾಡಿಸಿ, ಮೇವು ಸುಡಿಸಿದ. ಮೇ ತಿಂಗಳಲ್ಲಿ ಅರಕೆರೆ ಹತ್ತಿರ ಯುದ್ಧ ಆಯ್ತು. ಇಂಗ್ಲಿಷರ ಎತ್ತುಗಳು ಮೇವಿಲ್ಲದೆ ಸಾವಿರಗಟ್ಟಲೆ ಸತ್ತವು. ಫಿರಂಗಿ ಎಳೆಯೋ ಎತ್ತಿಲ್ಲದೆ ಕಾರ್ನ್‌ವಾಲಿಸ್ ತನ್ನ ದೊಡ್ಡ ಫಿರಂಗಿಗಳನ್ನ ಕಣ್ಣಂಬಾಡಿ ಹತ್ರ ತಾನೇ ಒಡೆಸಿ ಹಿಂದಿರುಗಿದ. ಈಗ ಕನ್ನಂಬಾಡಿ ಕಟ್ಟೆ ನೀರಿನ ಅಡಿ ಇರೋ ಹಳೇ ಊರಿನ ಕಥೆ ಅದು. ವಾಪಸ್ಸು ಹೋಗ್ತಾ ಮೇಲುಕೋಟೆ ಕಡೆ ಮರಾಠರ ಸೈನ್ಯ ಸಿಕ್ಕಿದ ಮೇಲೆ, ಅವರ ಬಜಾರಿನಲ್ಲಿ ದುಬಾರಿ ಬೆಲೆ ಕೊಟ್ಟು ಕಾಳು ಕೊಂಡು ಇವರು ಜೀವ ಉಳಿಸ್ಕೊಂಡ್ರು.

ಫಿರಂಗಿ ಎಷ್ಟು ಒಡೆದ್ರು ಅಂತ ಪುಸ್ತಕದಲ್ಲಿ ಇದೆ. ಮಡಕೆ ಎಷ್ಟು ಒಡೆದವು ಅಂತ ಯಾರೂ ಬರೆದಿಲ್ಲ. ಈ ದಾರಿಯಲ್ಲೇ ಹೆಂಗಸರು, ಮಕ್ಕಳು, ಮುದುಕರು ಕಾಳಿನ ಗಂಟು, ಒಂದು ಮಡಕೆ, ಒಂದು ಕಂಬಳಿ ಹಿಡ್ಕೊಂಡು ಹೋಗಿರ್ತಾರೆ. ನಾವು ಪಾತ್ರೆ ಆರಿಸುವಾಗ ಇದೇ ನಮಗೆ ಅಳತೆಗೋಲು ಆಯ್ತು: ಒಂದು ಸಾಮಾನು ತೋರಿಸಿ 'ಇದನ್ನ ಬಿಟ್ಟು ಓಡ್ತಿದ್ರಾ, ಹೊತ್ಕೊಂಡು ಓಡ್ತಿದ್ರಾ?' ಅಂತ ಕೇಳೋದು. ಬಿಟ್ಟು ಓಡೋ ಅಂಥದ್ದಾದ್ರೆ ಪಟ್ಟಿಯಿಂದ ಹೊರಗೆ.

ಮೊದಲು ಹೊರಗೆ ಹೋಗಿದ್ದು ಗಾಡಿ. ನನಗೂ ಆಶ್ಚರ್ಯ ಆಯ್ತು. ಈಗ ನಾವು ಎತ್ತಿನ ಗಾಡಿ ಅನ್ನೋ ಹಗುರ ಕಾಲಿನ ಚಕ್ರದ ಗಾಡಿ ಊರೂರಿಗೂ ಹಬ್ಬಿದ್ದು 19ನೇ ಶತಮಾನದಲ್ಲಿ, ರಸ್ತೆಗಳು ಆದ ಮೇಲೆ. 1800ರಲ್ಲಿ ದೂರದ ಸರಕೆಲ್ಲಾ ಬಹುಪಾಲು ಹೇರೆತ್ತಿನ ಬೆನ್ನ ಮೇಲೇ ಹೋಗ್ತಿತ್ತು. ಲಂಬಾಣಿಗಳು ಸೈನ್ಯಗಳಿಗೆ ಕಾಳು ಒದಗಿಸಿದ್ದೂ ಹಾಗೇ. ಅದಕ್ಕೆ ನಮ್ಮ ಹಳ್ಳಿಕಾರ್ ಎತ್ತಿನಲ್ಲಿ ಸಾಧು ಇದ್ದ ಒಂದಕ್ಕೆ ತಿಂಗಳುಗಟ್ಟಲೆ ಮರಳು ತುಂಬಿದ ಗೋಣಿ ಹೊರೆಸಿ ಅಭ್ಯಾಸ ಮಾಡಿಸಿದೆ. ಬೆನ್ನಿಗೆ ಹುಲ್ಲು ತುಂಬಿದ ತಡಿ, ಅದರ ಮೇಲೆ ಎರಡು ಕಡೆಗೂ ತೂಗೋ ಗೋಣಿ. ಗೋಣಿ ಅಂದ ಕೂಡ್ಲೆ ಸಕ್ಕರೆ ಮೂಟೆ ಚೀಲ ನೆನಪಾಗುತ್ತೆ. ಅದು ಬಂಗಾಳದ ಸೆಣಬು. ಅಲ್ಲಿ ಮೊದಲ ಗಿರಣಿ ಬಂದಿದ್ದೇ 1855ರಲ್ಲಿ. ಬುಕಾನನ್ ಕಂಡ ಗೋಣಿ, ಈಗ ನಾವು ಗದ್ದೆಗೆ ಹಸಿರೆಲೆ ಗೊಬ್ಬರಕ್ಕೆ ಅಂತ ಬಿತ್ತಿ ಉಳೋ ಅಪ್ಸೆಣಬಿನ ನಾರಿನದು. ಗೊಬ್ಬರಕ್ಕೆ ಬಿತ್ತೋ ಗಿಡ ಬಟ್ಟೆ ಆಗ್ತಿತ್ತು ಅನ್ನೋದೇ ನನಗೆ ಗೊತ್ತಿರಲಿಲ್ಲ. ಆ ನಾರು ತೆಗೆಯೋದು ನಮಗೆ ಬರಲಿಲ್ಲ. ಹಾಗಾಗಿ ಈ ಒಂದರಲ್ಲಿ ಸೋತು ಸೆಣಬಿನ ಚೀಲವನ್ನೇ ಹಾಕಿದ್ವಿ.

ಆಮೇಲೆ ಹೊರಗೆ ಹೋದವು ಇವು. ಸ್ಟೀಲ್: ಸ್ಟೇನ್‌ಲೆಸ್ ಸ್ಟೀಲ್ ಬಂದಿದ್ದು 1913ರಲ್ಲಿ, ಇಂಗ್ಲೆಂಡಿನ ಶೆಫೀಲ್ಡಿನಲ್ಲಿ. ಅಲ್ಯೂಮಿನಿಯಂ: ನಮ್ಮ ದಕ್ಷಿಣದಲ್ಲಿ ಅದರ ಪಾತ್ರೆ ತಯಾರಿ ಶುರುವಾಗಿದ್ದು 1898ರ ಸುಮಾರಿಗೆ ಮದ್ರಾಸಿನ ಕಲಾಶಾಲೆಯಲ್ಲಿ. ಮಾಡಿಸಿದವನು ಆಲ್ಫ್ರೆಡ್ ಚಾಟರ್ಟನ್. ಅವನೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆ ನೋಡ್ಕೊಂಡ. ಬೆಂಕಿಕಡ್ಡಿ: ಉಜ್ಜಿದ್ರೆ ಹತ್ತೋ ಕಡ್ಡಿ ಮಾರಾಟಕ್ಕೆ ಬಂದಿದ್ದು 1827ರಲ್ಲಿ, ಅದೂ ಇಂಗ್ಲೆಂಡಿನಲ್ಲಿ. ಸೀಮೆಎಣ್ಣೆ ಬುಡ್ಡಿ ಅದಕ್ಕಿಂತ ಈಚಿನದು. ಯಂತ್ರದಲ್ಲಿ ಒತ್ತಿದ ಗುಂಡನೆ ಅಡಿಕೆ ಹಾಳೆ ತಟ್ಟೆ ನೋಡೋಕೆ ಹಳೇದರ ಥರ ಕಂಡ್ರೂ ನಮ್ಮ ಕಾಲದ್ದೇ. ಬುಟ್ಟಿಯಿಂದಲೂ ಒಂದಷ್ಟು ಹೊರಗೆ ಬಿದ್ದವು: ಟೊಮ್ಯಾಟೊ, ಆಲೂಗಡ್ಡೆ, ಕಡ್ಲೆಕಾಯಿ ಎಣ್ಣೆ, ಕಾಫಿಪುಡಿ. ಬಾಬಾಬುಡನ್‌ಗಿರಿಯಲ್ಲಿ ಕಾಫಿ ಗಿಡ ಇತ್ತು, ಒಕ್ಕಲಿನ ಮನೆ ಒಲೆ ಮೇಲೆ ಕಾಫಿ ಇರಲಿಲ್ಲ. ಮೆಣಸಿನಕಾಯಿ ಮಾತ್ರ ಉಳೀತು. ಪೋರ್ಚುಗೀಸರು ತಂದ ಅದು ಅಷ್ಟರಲ್ಲಾಗಲೇ ನಮ್ಮದೇ ಆಗಿಹೋಗಿತ್ತು.

ಇನ್ನು ಒಳಗೆ ಉಳಿದವು.

ಮಡಕೆ ಮೂರು. ಹಿಟ್ಟಿಗೆ ಒಂದು, ಸಾರಿಗೆ ಒಂದು ಚಿಕ್ಕದು, ನೀರು ಕಾಯಿಸೋಕೆ ಒಂದು ಕುಡಿಕೆ. ಇದೇ ಅತಿ ಕಷ್ಟ ಆಗಿದ್ದು. ಪೇಟೇಲಿ ಸಿಗೋ ಮಣ್ಣಿನ ಪಾತ್ರೆ ಎರಡು ತಂದು ಒಲೆಗಿಟ್ಟೆ, ಎರಡೂ ಅವತ್ತೇ ಸೀಳಿದವು. ಒಂದಕ್ಕಂತೂ ಕೆಂಪು ಬಣ್ಣ ಬಳಿದಿದ್ರು, ಕಾದ ಕೂಡ್ಲೆ ಪೇಂಟ್ ವಾಸನೆ. ಆಮೇಲೆ ಪಕ್ಕದೂರಿನ ಕುಂಬಾರಣ್ಣನ ಹತ್ರ ಹೋದೆ. ಅವರು ಈಗ ಹೂಕುಂಡ, ಹಣತೆ ಬಿಟ್ಟು ಬೇರೆ ಮಾಡಲ್ಲ. ಒಲೆ ಮಡಕೆ ಮಾಡಿ ಎಂಟು ವರ್ಷ ಆಯ್ತಂತೆ. "ಯಾರ್ ಕೇಳ್ತಾರಣ್ಣ?" ಅಂದ್ರು. ಒತ್ತಾಯ ಮಾಡಿದ ಮೇಲೆ ಒಪ್ಪಿಕೊಂಡ್ರು.

ಅಲ್ಲಿ ಎರಡು ದಿನ ಕೂತು ನೋಡಿದ್ದನ್ನ ಬರೀತೀನಿ, ಇದು ಕಲಿಯೋ ಅಂಥ ವಿಷಯ. ಹೂಕುಂಡ ತಿಗರಿ ಮೇಲೇ ಮುಗಿಯುತ್ತೆ. ಒಲೆ ಮಡಕೆ ಮುಗಿಯಲ್ಲ. ತಿಗರಿಯಿಂದ ತೆಗೆದು, ಅರೆ ಒಣಗಿದ ಮೇಲೆ, ಒಳಗೆ ಒಂದು ಗುಂಡು ಕಲ್ಲು ಹಿಡಿದು ಹೊರಗಿನಿಂದ ಮರದ ಹಲಗೇಲಿ ತಟ್ಟಿ ತಟ್ಟಿ ತಳವನ್ನ ಗುಂಡಗೆ, ತೆಳ್ಳಗೆ, ಬಿಗಿಯಾಗಿ ಮಾಡಬೇಕು. ಮಣ್ಣಿಗೆ ಸಣ್ಣ ಮರಳೂ ಬೆರೆಸಿರ್ತಾರೆ. ತಳ ಗುಂಡಗಿದ್ರೆ ಶಾಖ ಎಲ್ಲಾ ಕಡೆಗೂ ಸಮ ಹರಡುತ್ತೆ. ಚಪ್ಪಟೆ ತಳ ಇದ್ರೆ ಮೂಲೇಲಿ ಶಾಖ ಹೆಚ್ಚುಕಡಿಮೆ ಆಗಿ ಅಲ್ಲೇ ಬಿರಿಯುತ್ತೆ. ನಮ್ಮ ಹಿರಿಯರ ಮಡಕೆ ನೆಲದ ಮೇಲೆ ನೆಟ್ಟಗೆ ಕೂರ್ತಿರಲಿಲ್ಲ, ಹುಲ್ಲಿನ ಸಿಂಬಿ ಬೇಕಿತ್ತು. ಅದು ಕೆಲಸ ಬರದೆ ಆದದ್ದಲ್ಲ, ಮೂರು ಕಲ್ಲಿನ ಒಲೆಗೆ ಹೊಂದೋಕೆ ಅಂತಲೇ ಮಾಡಿದ್ದು. ಕುಂಬಾರಣ್ಣ ಹನ್ನೆರಡು ಮಾಡಿದ್ರು, ಸುಡುವಾಗ ಮೂರು ಹೋದವು. ಕೆರೆ ಮಣ್ಣು ಮೊದಲಿನ ಹಾಗಿಲ್ಲ, ಮೇಲಿನ ಒಳ್ಳೇ ಜೇಡಿಯೆಲ್ಲಾ ಟ್ರ್ಯಾಕ್ಟರಿನಲ್ಲಿ ಇಟ್ಟಿಗೆ ಗೂಡಿಗೆ ಹೋಯ್ತು ಅಂದ್ರು.

ಕೊಳ್ಳೋವಾಗ ಬೆರಳಲ್ಲಿ ತಟ್ಟಿ ನೋಡಿ. 'ಟಣ್' ಅಂದ್ರೆ ಸರಿ, 'ಡಬ್' ಅಂದ್ರೆ ಎಲ್ಲೋ ಬಿರುಕಿದೆ. ತಂದ ಮೇಲೆ ಒಂದು ಹಗಲು ಒಂದು ರಾತ್ರಿ ನೀರಲ್ಲಿ ಮುಳುಗಿಸಿ ಇಡಿ. ಆಮೇಲೆ ಒಣಗಿಸಿ, ಹರಳೆಣ್ಣೆ ಸವರಿ, ಅಕ್ಕಿ ಗಂಜಿ ಹಾಕಿ ಸಣ್ಣ ಉರೀಲಿ ಎರಡು ಸಲ ಕುದಿಸಿ. ಗಂಜಿ ಮಣ್ಣಿನ ಸಂದು ತುಂಬುತ್ತೆ. ಇಷ್ಟಾದ ಮೇಲೂ ಕಾದ ಮಡಕೆಗೆ ತಣ್ಣೀರು ಸುರಿಯಬಾರದು. ಈ ಕೊನೇ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಹಿಟ್ಟಿನ ಕೋಲು ಮತ್ತು ಕವೆಗೋಲು. ಕೋಲು ಹಿಟ್ಟು ತಿರುವೋಕೆ, ಕವೆ ಮಡಕೆ ಕಂಠ ಹಿಡಿದು ಒತ್ತೋಕೆ. ಎರಡೂ ದೊಡ್ಡವ್ವನ ಅಟ್ಟದಲ್ಲೇ ಇದ್ದವು. ಅಲ್ಲೇ ಇನ್ನೊಂದು ಸಿಕ್ತು. ಹಲಸಿನ ಮರ ತೋಡಿ ಮಾಡಿದ ಮರಿಗೆ, ಕರೀ ಬಣ್ಣಕ್ಕೆ ತಿರುಗಿ ಕರುಗಳಿಗೆ ಬೂಸ ಕಲಸೋಕೆ ಬಳಕೆ ಆಗ್ತಿತ್ತು. ಅದು ಹಿಟ್ಟು ಕಟ್ಟೋ ಮರಿಗೆ. ತೊಳೆದು, ಬೂದಿಯಲ್ಲಿ ಉಜ್ಜಿ, ಬಿಸಿಲಿಗಿಟ್ಟು ತಗೊಂಡು ಹೋದ್ವಿ. ಸೌಟು ಅಂದ್ರೆ ತೆಂಗಿನ ಕರಟಕ್ಕೆ ಬಿದಿರಿನ ಹಿಡಿ.

ನೀರಿಗೆ ಸೋರೆ ಬುರುಡೆ ಎರಡು. ಇದಕ್ಕೆ ಹಿಂದಿನ ಮುಂಗಾರಿನಲ್ಲೇ ಬೇಲಿಗೆ ಬಳ್ಳಿ ಹಬ್ಬಿಸಿದ್ದೆ. ಕಾಯಿ ಬಲಿತು ತೊಟ್ಟು ಒಣಗೋವರೆಗೆ ಬಿಟ್ಟು, ಕೊಯ್ದು, ಎರಡು ಮೂರು ತಿಂಗಳು ಹೊಗೆ ಆಡೋ ಕಡೆ ತೂಗುಹಾಕಬೇಕು. ಒಳಗೆ ಬೀಜ ಗಿಲಗಿಲ ಅಂದ್ರೆ ಒಣಗಿದೆ ಅಂತ. ಕಂಠ ಕೊಯ್ದು ನೀರು ತುಂಬಿ, ತಿರುಳು ಕೊಳೆಸಿ, ಸಣ್ಣ ಕಲ್ಲು ಮರಳು ಹಾಕಿ ಕುಲುಕಿ ತೊಳೀಬೇಕು. ಎಷ್ಟು ಸಲ ತೊಳೆದ್ರೂ ನೀರು ಕಹಿ ಬಂದ್ರೆ ಆ ಬುರುಡೆ ಬಿಸಾಕಿ. ಕಹಿ ಸೋರೆ ವಿಷ. ನಾನು ಐದು ಒಣಗಿಸಿದ್ದರಲ್ಲಿ ಎರಡು ಹಾಗೆ ಹೋದವು.

ಉಣ್ಣೋಕೆ ಮುತ್ತುಗದ ಇಸ್ತ್ರೆಲೆ. ಪುಷ್ಯ ಮಾಸದಲ್ಲಿ ಮುತ್ತುಗ ಎಲೆ ಉದುರಿಸೋಕೆ ಶುರುಮಾಡಿರುತ್ತೆ. ಅದಕ್ಕೆ ದೀಪಾವಳಿ ಹೊತ್ತಿಗೇ ಎಲೆ ಕಿತ್ತು, ಕಡ್ಡೀಲಿ ಹಚ್ಚಿ, ಕಲ್ಲು ಹೇರಿ ಒಣಗಿಸಿ ಇಟ್ಟಿದ್ವಿ. ಉಣ್ಣೋ ಹೊತ್ತಿಗೆ ನೀರು ಚಿಮುಕಿಸಿದ್ರೆ ಮೆತ್ತಗಾಗುತ್ತೆ. ಎರಡು ದಿನಕ್ಕೆ ಆಗೋ ಎಲೆ ಕಟ್ಟು ಅಂದ್ರೆ ಒಂದು ಕೈಚೀಲದಷ್ಟೂ ಇಲ್ಲ. ಉಂಡ ಮೇಲೆ ತೊಳೆಯೋ ಕೆಲಸ ಇಲ್ಲ, ಎತ್ತು ಮೂಸಿ ನೋಡಿ ಒಂದೆರಡು ತಿಂತು ಕೂಡ.

ಕಬ್ಬಿಣ ಅಂತ ಎರಡೇ: ಒಂದು ಕುಡ್ಲು, ಒಂದು ಚಕಮಕಿ. ಕಬ್ಬಿಣ ಆಗ ಹೊರಗಿನಿಂದ ಬರೋ ವಸ್ತು ಆಗಿರಲಿಲ್ಲ. ಮಾಗಡಿ ಸೀಮೆಯಲ್ಲಿ ಕಪ್ಪು ಮರಳಿನಿಂದ ಕಬ್ಬಿಣ ಕರಗಿಸೋ ಕುಲುಮೆಗಳನ್ನ ಬುಕಾನನ್ ಕಂಡು ಬರೆದಿದ್ದಾನೆ. ಚನ್ನಪಟ್ಟಣದ ಉಕ್ಕಿನ ತಂತಿ ಆಗ ವಾದ್ಯಗಳಿಗೆ ಹೆಸರುವಾಸಿ ಆಗಿತ್ತು. ನಮ್ಮ ಕಮ್ಮಾರಣ್ಣ ಹಳೇ ಅರದ ತುಂಡು ಕಾಸಿ ಬಗ್ಗಿಸಿ ಚಕಮಕಿ ಮಾಡಿಕೊಟ್ರು. ಸಾಮಾನ್ಯ ಕಬ್ಬಿಣದ ಪಟ್ಟೀಲಿ ಕಿಡಿ ಬರಲ್ಲ, ಅರದ ಉಕ್ಕೇ ಬೇಕು. ಕಲ್ಲಿಗೆ ದುಡ್ಡು ಕೊಡಬೇಕಾಗಿಲ್ಲ, ನೇಗಿಲಿಗೆ ಸಿಕ್ಕಿ ನಾವು ಬೈಯೋ ಬಿಳೀ ಬೆಣಚುಕಲ್ಲು ಸಾಕು. ಕಿಡಿ ಹಿಡಿಯೋಕೆ, ಗಾಳಿ ಆಡದ ಹಾಗೆ ಮುಚ್ಚಿ ಸುಟ್ಟು ಕರಿ ಮಾಡಿದ ಹತ್ತಿ ಬಟ್ಟೆ ಚೂರು, ಬಿದಿರಿನ ಅಂಡೇಲಿ. ಒಂದು ಸಲ ಹತ್ತಿದ್ರೆ ಬೆರಣಿಯಲ್ಲಿ ಕೆಂಡ ಇಟ್ಟು ಬೂದಿ ಮುಚ್ಚಿ ಬೆಳಗಿನವರೆಗೆ ಉಳಿಸಬಹುದು.

ಕಾಳು: ರಾಗಿಹಿಟ್ಟು 8 ಕೆ.ಜಿ., ಹುರುಳಿ 2 ಕೆ.ಜಿ., ಜೊತೆಗೆ ಕಲ್ಲುಪ್ಪು, ಒಣಮೆಣಸಿನಕಾಯಿ, ಹುಣಸೆ, ಈರುಳ್ಳಿ, ಬೆಲ್ಲ. ಆಗ ನಮ್ಮ ಕಡೆ ಚೌಳು ನೆಲದ ಮಣ್ಣಿನಿಂದ ಉಪ್ಪು ತೆಗೆಯೋದೂ ಇತ್ತು, ಉಪ್ಪಾರರ ಕಸುಬು. ಆ ಉಪ್ಪು ನಮಗೆ ಎಲ್ಲೂ ಸಿಗಲಿಲ್ಲ. ಇವೆಲ್ಲಕ್ಕಿಂತ ದೊಡ್ಡ ಬುದ್ಧಿ ಅಂದ್ರೆ ದೊಡ್ಡವ್ವ ಕಟ್ಟಿಕೊಟ್ಟ ಎರಡು ಕೆ.ಜಿ. ಹುರಿಹಿಟ್ಟು. ರಾಗಿ ಅರಳು ಹುರಿದು ಬೀಸಿದ ಹಿಟ್ಟು, ಬೆಂಕಿ ಬೇಡ, ಪಾತ್ರೆ ಬೇಡ, ಬೆಲ್ಲ ನೀರು ಇದ್ರೆ ಊಟ. ನಾನು ಬೇಡ ಅಂದೆ, ಭಾರ ಅಂತ. "ಇಟ್ಕೊ ಮಗ, ದಾರಿ ಅಂದ್ಮೇಲೆ ಮಡ್ಕೆ ಒಡೀತದೆ" ಅಂದ್ರು.

ನೀರು ತುಂಬಿದ ಬುರುಡೆಯೂ ಸೇರಿ ಒಟ್ಟು ತೂಕ 28 ಕೆ.ಜಿ. ಆಯ್ತು. ಆರು ಜನಕ್ಕೆ, ಎರಡು ರಾತ್ರಿಗೆ. ಹಿಂದಿನ ಸಲ ಹಿತ್ತಾಳೆ ತಪ್ಪಲೆ ಒಂದನ್ನೇ ಇಬ್ಬರು ಎತ್ತಬೇಕಿತ್ತು. ಮಡಕೆಗಳನ್ನ ಹಗ್ಗದ ನೆಲುವಿನಲ್ಲಿ ಇಟ್ಟು, ಸುತ್ತ ಹುಲ್ಲು ತುಂಬಿ, ಒಬ್ಬೊಬ್ಬರೇ ಸರದಿ ಮೇಲೆ ಹೆಗಲ ಕೋಲಿಗೆ ತೂಗುಹಾಕ್ಕೊಂಡು ಹೋದ್ವಿ. ಎತ್ತಿನ ಮೇಲೆ ಹಾಕೋ ಧೈರ್ಯ ಬರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾವು ಬೇಕಂತಲೇ ಇತಿಹಾಸ ಬಿಟ್ವಿ, ಅದನ್ನ ಮುಚ್ಚಿಡಲ್ಲ. ಆ ಕಾಲದ ಬಿಡಾರದಲ್ಲಿ, ಅದು ಸಿಪಾಯಿಗಳದ್ದಾಗಲಿ ದಾರಿಹೋಕರದ್ದಾಗಲಿ, ಒಂದೇ ದೊಡ್ಡ ಒಲೆ ಇರ್ತಿರಲಿಲ್ಲ. ಜಾತಿಗೊಂದು, ಮನೆಗೊಂದು ಒಲೆ. ಸಿಪಾಯಿ ತನ್ನ ಚೊಂಬು, ತನ್ನ ಪಾತ್ರೆ ತಾನೇ ಹೊರ್ತಿದ್ದ, ಬೇರೆಯವನು ಮುಟ್ಟೋ ಹಾಗಿರಲಿಲ್ಲ. ಕೆಲವರಿಗೆ ಕೆರೆ ನೀರಿಗೇ ಇಳಿಯೋ ಹಾಗಿರಲಿಲ್ಲ. ಸಿನಿಮಾದಲ್ಲಿ ತೋರಿಸೋ ದೊಡ್ಡ ಕೊಪ್ಪರಿಗೆ, ಸಾಲಾಗಿ ಕೂತು ಉಣ್ಣೋದು ಸುಳ್ಳು ಚಿತ್ರ. ನಾವು ಆರು ಜನ ನಾಲ್ಕು ಜಾತಿಯವರು. ಕಟ್ಟುನಿಟ್ಟಾಗಿ ಹೋಗೋದಾದ್ರೆ ನಾಲ್ಕು ಒಲೆ ಹೂಡಬೇಕಿತ್ತು. ಕುಡ್ಲು, ಬುರುಡೆ, ಎಲೆ ಎಲ್ಲಾ 1800ರದ್ದೇ ಇರಲಿ, ಒಲೆ ಒಂದೇ ಇರಲಿ ಅಂದ್ಕೊಂಡ್ವಿ. ನಮ್ಮಲ್ಲಿ ಹಿರಿಯರೊಬ್ಬರು, ಅವರ ತಾತನಿಗೆ ನಮ್ಮ ಬಾವಿ ನೀರು ಎತ್ತಿ ಸುರಿಯುತ್ತಿದ್ದ ಕಾಲ ಕಂಡವರು, ಹಿಟ್ಟು ತಿರುವೋಕೆ ತಾವೇ ಕೂತ್ರು. ಯಾರೂ ಅದರ ಬಗ್ಗೆ ಏನೂ ಮಾತಾಡಲಿಲ್ಲ. ಹಿಟ್ಟು ಒಂದೂ ಗಂಟಿಲ್ಲದೆ ಬಂತು.

ಮೊದಲ ರಾತ್ರಿ ಬೆಂಕಿ ಹತ್ತಿಸೋಕೆ ನಲವತ್ತು ನಿಮಿಷ ಆಯ್ತು. ಮನೇಲಿ ಐದು ನಿಮಿಷಕ್ಕೆ ಹತ್ತಿಸಿದ್ದೆ, ಬಯಲ ಗಾಳೀಲಿ ಎಲ್ಲಾ ಮರೆತುಹೋಯ್ತು. ಹೊಲದಲ್ಲಿ ಮೂರು ಕಲ್ಲು ಹುಡುಕಿ ಒಲೆ ಮಾಡಿ, ಹಿಟ್ಟು, ಹುರುಳಿ ಸಾರು. ಎಲೆ ಮೇಲೆ ಸಾರು ನಿಲ್ಲಲ್ಲ, ಮುದ್ದೆ ನಡುವೆ ಗುಳಿ ಮಾಡಿ ಅದರೊಳಗೇ ಬಿಡಬೇಕು ಅನ್ನೋದು ಅವತ್ತು ಗೊತ್ತಾಯ್ತು. ಮಣ್ಣಿನ ಪಾತ್ರೆ ಸಾರಿನ ರುಚಿ ಬಗ್ಗೆ ಎಲ್ಲರೂ ಬರೀತಾರೆ, ನಾನು ಬರೆಯಲ್ಲ. ಹಸಿವಾಗಿತ್ತು, ಚೆನ್ನಾಗಿತ್ತು.

ಎರಡನೇ ರಾತ್ರಿ ಸಾರು ಇಂಗ್ತಾ ಬಂತು ಅಂತ ನಾನೇ, ಇಷ್ಟೆಲ್ಲಾ ಉಪದೇಶ ಮಾಡಿದ ನಾನೇ, ಬುರುಡೆ ಎತ್ತಿ ತಣ್ಣೀರು ಸುರಿದೆ. 'ಚಟ್' ಅಂತು. ಸಾರಿನ ಮಡಕೆ ಎರಡು ಹೋಳಾಗಿ ಅರ್ಧ ಸಾರು ಒಲೆಗೆ, ಅರ್ಧ ನನ್ನ ಕಾಲಿಗೆ. ಬೆಂಕಿಯೂ ಆರಿತು. ಹಿಟ್ಟಿಗೆ ಎಸರಿಟ್ಟಿರಲಿಲ್ಲ. ಕತ್ತಲು, ಚಳಿ, ಕರಿ ಬಟ್ಟೆ ಇಬ್ಬನಿಗೆ ಹಸಿಯಾಗಿತ್ತು. ಅವತ್ತು ನಾವು ಉಂಡಿದ್ದು ದೊಡ್ಡವ್ವನ ಹುರಿಹಿಟ್ಟು, ಬೆಲ್ಲದ ನೀರಲ್ಲಿ ಕಲಸಿ, ಮುತ್ತುಗದ ಎಲೆ ಮೇಲೆ. ಕಂಬಳಿ ಹೊದ್ದು ಕೂತು ಯಾರೋ ಒಬ್ಬರು ಅಂದ್ರು: "ನಾವು ನಾಳೆ ಮನೆಗೆ ಹೋಗ್ತೀವಿ. ಅವರಿಗೆ ಮನೆ ಇದ್ಯೋ ಇಲ್ವೋ ಅಂತಲೇ ಗೊತ್ತಿರಲಿಲ್ಲ." ಆಮೇಲೆ ಜಾಸ್ತಿ ಮಾತು ಬರಲಿಲ್ಲ.

ಕಾಲಿನ ಗಾಯ ವಾಸಿ ಆಗಿದೆ. ಆದರೆ ಆ ರಾತ್ರಿ ಒಂದು ಲೆಕ್ಕ ತಲೆಗೆ ಹತ್ತಿತು. ಆ 28 ಕೆ.ಜಿ.ಯಲ್ಲಿ ಏನು ಒಡೆದ್ರೂ, ಕಳೆದ್ರೂ ಮತ್ತೆ ಹುಟ್ಟಿಸೋ ಜನ, ಮಣ್ಣು, ಗಿಡ 1800ರಲ್ಲಿ ಒಂದು ದಿನದ ನಡಿಗೆಯೊಳಗೆ ಇತ್ತು. ಮಡಕೆಗೆ ಕೆರೆ ಮತ್ತು ಕುಂಬಾರ, ಕುಡ್ಲಿಗೆ ಕಮ್ಮಾರ, ಕೋಲಿಗೆ ಬಡಗಿ, ಬುರುಡೆಗೆ ಬೇಲಿ, ಎಲೆಗೆ ಕಾಡು. ಕುಂಬಾರ, ಕಮ್ಮಾರರಿಗೆ ಕಣದಲ್ಲಿ ರಾಶಿಯಿಂದ ಆಯ ಅಳೆದು ಕೊಡ್ತಿದ್ದದ್ದು ಅದಕ್ಕೇ. ಊರು ಸುಟ್ಟುಹೋದ್ರೂ ಹಿಂದಿರುಗಿ ಬಂದು ಒಂದು ವಾರದಲ್ಲಿ ಒಲೆ ಹೂಡಬಹುದಿತ್ತು. ಈಗ ಮಿಕ್ಸಿ ಕೆಟ್ಟರೆ ನಾವು ಮೈಸೂರಿಗೆ ಓಡ್ತೀವಿ. ಹಳೇ ಕಾಲ ಒಳ್ಳೇದಿತ್ತು ಅಂತ ನಾನು ಹೇಳ್ತಿಲ್ಲ, ಮೇಲೆ ಒಲೆ ವಿಷಯ ಬರೆದಿದ್ದೀನಲ್ಲ. ಆದರೆ ಈ ಕಸುಬು ಗೊತ್ತಿರೋರು ನಮ್ಮ ಸುತ್ತ ಇನ್ನು ಎಷ್ಟು ಜನ ಇದ್ದಾರೆ ಅಂತ ಎಣಿಸಿದೆ. ಒಲೆ ಮಡಕೆ ತಟ್ಟೋಕೆ ಬರೋದು ಒಬ್ಬರಿಗೆ. ಅವರ ಮಗ ಬೆಂಗಳೂರಲ್ಲಿ ಕ್ಯಾಬ್ ಓಡಿಸ್ತಾನೆ.

ಹಾಗಾಗಿ ಕೊನೆಗೆ ಎರಡು ಮಾತು. ಒಂದು, ಕುಂಬಾರಣ್ಣನ ಹತ್ರ ಉಳಿದ ಮಡಕೆಗಳು ಇವೆ, ಹತ್ತು ಮನೆಯವರು ಒಟ್ಟಿಗೆ ಹೇಳಿದ್ರೆ ಇನ್ನೊಂದು ಗೂಡು ಸುಡ್ತೀನಿ ಅಂದಿದ್ದಾರೆ. ಬೇಕಾದವರು ನನಗೆ ಹೇಳಿ, ಸೇರಿಸಿ ಕಳಿಸ್ತೀನಿ. ಎರಡು, ಅಟ್ಟ ಗುಡಿಸುವಾಗ ಹಳೇ ಮರಿಗೆ, ಕವೆಗೋಲು, ಬುರುಡೆ, ತಡಿ, ಸಿಂಬಿ ಏನಾದ್ರೂ ಕಂಡ್ರೆ ಒಲೆಗೆ ಹಾಕಬೇಡಿ, ಗುಜರಿಗೆ ಕೊಡಬೇಡಿ. ಮನೇಲಿ ವಯಸ್ಸಾದವರ ಮುಂದೆ ಇಟ್ಟು ಇದು ಏನು, ಹೇಗೆ ಹಿಡೀತಿದ್ರಿ ಅಂತ ಕೇಳಿ ಒಂದು ಕಾಗದದಲ್ಲಿ ಬರೆದು ಅದಕ್ಕೇ ಕಟ್ಟಿ ಇಡಿ. ಹಿತ್ತಾಳೆ ಪಾತ್ರೆ ಇದ್ದವರು ಕಲಾಯಿ ನೋಡಿಕೊಳ್ಳಿ.

ಮುಂದಿನ ಸುಗ್ಗಿಗೆ ಮತ್ತೆ ಹೋಗ್ತೀವಿ. ಈ ಸಲ ಅಪ್ಸೆಣಬನ್ನ ಉಳದೆ ಎರಡು ಸಾಲು ನಾರಿಗೆ ಅಂತ ಬಿಡಬೇಕು ಅಂತಿದ್ದೀನಿ. ನಾರು ತೆಗೆಯೋದು ಕಂಡವರು ನಿಮ್ಮ ಕಡೆ ಯಾರಾದ್ರೂ ಇದ್ರೆ ತಿಳಿಸಿ, ಬಂದು ಕಲೀತೀನಿ. ನಾಳೆ ಬೆಳಿಗ್ಗೆ ಮೂರಕ್ಕೆ ನಮ್ಮ ಕಡೆ ಕರೆಂಟು, ಮಲಗ್ತೀನಿ.